ದೃಷ್ಟಿರೇಖೆ ಎಷ್ಟು ವೇಗವಾಗಿ ತಿರುಗುತ್ತಿದೆ? ನೌಕೆಗಳ ಜೋಡಣೆಯಲ್ಲಿ ಕೋನವೇಗದ ಅಂದಾಜು: ಪದೇ ಪದೇ ಕೇಳುವ ಪ್ರಶ್ನೆಗಳು

ಕಕ್ಷೆಯಲ್ಲಿ ಒಂದು ನೌಕೆ ಇನ್ನೊಂದರ ಹತ್ತಿರ ಹೋಗಿ ಕೂಡಿಕೊಳ್ಳಬೇಕಾದರೆ ದೂರ ಗೊತ್ತಿದ್ದರೆ ಸಾಲದು. ಗುರಿ ಕಾಣುವ ದಿಕ್ಕು ಯಾವ ವೇಗದಲ್ಲಿ ಬದಲಾಗುತ್ತಿದೆ ಎಂಬುದೂ ಗೊತ್ತಾಗಬೇಕು. ಆ ವೇಗವನ್ನು ಗದ್ದಲ (ಅಳತೆಯಲ್ಲಿ ಸೇರಿಕೊಳ್ಳುವ ಯಾದೃಚ್ಛಿಕ ಏರುಪೇರು) ತುಂಬಿದ ಅಳತೆಗಳಿಂದ ಹೊರತೆಗೆಯುವ ಬಗ್ಗೆ ವಿದ್ಯಾರ್ಥಿಗಳು, ಸಣ್ಣ ಉಪಗ್ರಹ ಕಟ್ಟುವ ತಂಡಗಳು, ಎಂಬೆಡೆಡ್ ಕೋಡ್ ಬರೆಯುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇವೆ. ಉದಾಹರಣೆಗಳಲ್ಲಿ ಬರುವ ಕಕ್ಷೆಯ ಎತ್ತರ (ಸುಮಾರು 475 ಕಿ.ಮೀ.) ಮತ್ತು ನೌಕೆಯ ತೂಕ (ಸುಮಾರು 220 ಕೆ.ಜಿ.) ಇಸ್ರೋದ ನೌಕಾ ಜೋಡಣೆಯ ಪ್ರಯೋಗವಾದ ಸ್ಪೇಡೆಕ್ಸ್‌ನವು. ಕ್ಯಾಮೆರಾ, ಜೈರೋ (ನೌಕೆ ತಿರುಗುವ ವೇಗ ಅಳೆಯುವ ಸೆನ್ಸರ್), ಫಿಲ್ಟರ್ (ಗದ್ದಲದ ನಡುವಿನಿಂದ ಅಂದಾಜು ತೆಗೆಯುವ ಲೆಕ್ಕಕ್ರಮ) ಇವುಗಳ ಅಂಕಿಗಳನ್ನು ಲೆಕ್ಕ ತೋರಿಸಲೆಂದು ನಾವೇ ಆರಿಸಿಕೊಂಡಿದ್ದೇವೆ.

## ಬುನಾದಿ

ದೃಷ್ಟಿರೇಖೆಯ ಕೋನವೇಗ ಅಂದರೆ ಸರಳವಾಗಿ ಏನು?

ಬೆನ್ನಟ್ಟುವ ನೌಕೆಯಿಂದ ಗುರಿ ನೌಕೆಗೆ ಎಳೆದ ಕಾಲ್ಪನಿಕ ಗೆರೆಯೇ ದೃಷ್ಟಿರೇಖೆ. ನಕ್ಷತ್ರಗಳ ಹಿನ್ನೆಲೆಯಲ್ಲಿ ಆ ಗೆರೆ ಸೆಕೆಂಡಿಗೆ ಎಷ್ಟು ಕೋನ ತಿರುಗುತ್ತದೋ ಅದು ಕೋನವೇಗ. ಲೆಕ್ಕ ಇಷ್ಟೇ: ಗೆರೆಗೆ ಅಡ್ಡಲಾಗಿರುವ ಸಾಪೇಕ್ಷ ವೇಗವನ್ನು ದೂರದಿಂದ ಭಾಗಿಸಿ. ಗುರಿ 1,000 ಮೀಟರ್ ದೂರದಲ್ಲಿದ್ದು ಅಡ್ಡವೇಗ ಸೆಕೆಂಡಿಗೆ ಅರ್ಧ ಮೀಟರ್ ಇದ್ದರೆ ಕೋನವೇಗ ಸೆಕೆಂಡಿಗೆ 0.5 ಮಿಲಿರೇಡಿಯನ್, ಅಂದರೆ ಸುಮಾರು 0.029 ಡಿಗ್ರಿ. ಕಣ್ಣಿಗೆ ಗೆರೆ ನಿಂತಂತೆಯೇ ಕಾಣುತ್ತದೆ.

ಅಷ್ಟು ಸಣ್ಣ ಸಂಖ್ಯೆಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳುವುದು ಯಾಕೆ?

ಅದು ದೂರದ ವರ್ಗದಿಂದ ಗುಣಿಸಿಕೊಳ್ಳುತ್ತದೆ, ಅದಕ್ಕೆ. ಈಗಿನ ವೇಗದಲ್ಲೇ ಹೋಗಿಬಿಟ್ಟರೆ ಗುರಿಯನ್ನು ಎಷ್ಟು ಮೀಟರ್ ತಪ್ಪಿಸಿಕೊಳ್ಳುತ್ತೇವೆ ಎಂಬುದರ ಮೊದಲ ಅಂದಾಜು ಹೀಗಿದೆ: ದೂರ × ದೂರ × ಕೋನವೇಗ ÷ ಸಮೀಪಿಸುವ ವೇಗ. 500 ಮೀಟರ್ ದೂರ, ಸೆಕೆಂಡಿಗೆ 0.2 ಮಿಲಿರೇಡಿಯನ್ ಕೋನವೇಗ, ಸೆಕೆಂಡಿಗೆ 1 ಮೀಟರ್ ಸಮೀಪಿಸುವ ವೇಗ ಹಾಕಿ ನೋಡಿ. ಉತ್ತರ 50 ಮೀಟರ್. ಜೋಡಣೆಯ ಮೂತಿಗಳು ಸೆಂಟಿಮೀಟರುಗಳಲ್ಲಿ ಹೊಂದಬೇಕಾದ ಕೆಲಸದಲ್ಲಿ 50 ಮೀಟರ್ ತಪ್ಪು ಅಂದರೆ ಕೆಲಸವೇ ಆಗಲಿಲ್ಲ ಎಂದರ್ಥ.

ಹಡಗಿನವರಿಗೆ ಈ ಲೆಕ್ಕದ ಇನ್ನೊಂದು ಮುಖ ಬಹಳ ಹಿಂದೆಯೇ ಗೊತ್ತಿತ್ತು. ಎದುರಿನ ಹಡಗಿನ ದಿಕ್ಸೂಚಿ ಕೋನ ಬದಲಾಗದೆ ಅದು ಹತ್ತಿರವಾಗುತ್ತಿದ್ದರೆ ಡಿಕ್ಕಿಯ ಅಪಾಯವಿದೆ ಎಂದೇ ತಿಳಿಯಬೇಕೆಂದು 1972ರ ಅಂತರರಾಷ್ಟ್ರೀಯ ಸಮುದ್ರ ಸಂಚಾರ ನಿಯಮಗಳ 7ನೇ ನಿಯಮ ಹೇಳುತ್ತದೆ. ಅವರು ಅಂಥ ಸ್ಥಿತಿಯಿಂದ ದೂರ ಸರಿಯುತ್ತಾರೆ. ಜೋಡಣೆಯಲ್ಲಿ ನಾವು ಬೇಕೆಂದೇ ಆ ಸ್ಥಿತಿಗೆ ಬರುತ್ತೇವೆ, ಜೊತೆಗೆ ವೇಗವನ್ನು ಕಡಿಮೆ ಮಾಡುತ್ತಾ ಹೋಗುತ್ತೇವೆ.

ಇದು ಕ್ಷಿಪಣಿಗಳಲ್ಲಿ ಬಳಸುವ ಲೆಕ್ಕವೇ ಅಲ್ಲವಾ?

ಬೇರು ಒಂದೇ, ಬೆಳೆ ಬೇರೆ. ಕ್ಷಿಪಣಿಯ ಕೊನೆಯ ಹಂತ ಸೆಕೆಂಡುಗಳಲ್ಲಿ ಮುಗಿಯುತ್ತದೆ, ವೇಗ ತಗ್ಗಿಸುವ ಪ್ರಶ್ನೆಯೇ ಅಲ್ಲಿಲ್ಲ. ಇಲ್ಲಿ ಗಂಟೆಗಟ್ಟಲೆ ನಿಧಾನವಾಗಿ ಹತ್ತಿರ ಹೋಗುತ್ತೇವೆ, ಕಕ್ಷೆಯ ಬಾಗುವಿಕೆ ಲೆಕ್ಕಕ್ಕೆ ಬರುತ್ತದೆ, ಕೊನೆಯ ಸ್ಪರ್ಶ ಸೆಕೆಂಡಿಗೆ ಕೆಲವೇ ಮಿಲಿಮೀಟರಿನದು. ಸ್ಪೇಡೆಕ್ಸ್‌ನಲ್ಲಿ ಇಟ್ಟುಕೊಂಡ ಸಮೀಪದ ವೇಗ ಸೆಕೆಂಡಿಗೆ 10 ಮಿಲಿಮೀಟರ್. ಈ ಪುಟ ಜೋಡಣೆಗೆ ಮಾತ್ರ ಸೀಮಿತ.

ಗಗನಯಾತ್ರಿಗಳು ಇದನ್ನೆಲ್ಲ ಕೈಯಲ್ಲೇ ಮಾಡುತ್ತಿದ್ದರು ಅಂತಾರೆ, ನಿಜವೇ?

ನಿಜ. 1965ರ ಜೂನ್‌ನಲ್ಲಿ ಅಮೆರಿಕದ ಜೆಮಿನಿ 4 ನೌಕೆಯಲ್ಲಿದ್ದ ಜೇಮ್ಸ್ ಮ್ಯಾಕ್‌ಡಿವಿಟ್ ತಮ್ಮದೇ ರಾಕೆಟ್ಟಿನ ಖಾಲಿ ಹಂತದ ಹತ್ತಿರ ಹೋಗಲು ಅದರ ಕಡೆಗೇ ಮುಖಮಾಡಿ ಥ್ರಸ್ಟರ್ (ನೌಕೆಯನ್ನು ತಳ್ಳುವ ಸಣ್ಣ ಎಂಜಿನ್) ಹಚ್ಚಿದರು. ಕಕ್ಷೆಯ ನಿಯಮ ಬೇರೆ. ಮುಂದಕ್ಕೆ ತಳ್ಳಿಕೊಂಡರೆ ಕಕ್ಷೆ ಎತ್ತರಕ್ಕೇರಿ ನೌಕೆ ಹಿಂದೆ ಬೀಳುತ್ತದೆ. ಇಂಧನ ಖರ್ಚಾಯಿತೇ ಹೊರತು ಭೇಟಿ ಆಗಲಿಲ್ಲ. ಅದೇ ವರ್ಷ ಡಿಸೆಂಬರ್ 15ರಂದು ಜೆಮಿನಿ 6ಎ ನೌಕೆ ಜೆಮಿನಿ 7ರ ಪಕ್ಕಕ್ಕೆ ಹೋಗಿ ನಿಂತಿತು. 1966ರ ಮಾರ್ಚ್ 16ರಂದು ಜೆಮಿನಿ 8 ಮೊದಲ ಜೋಡಣೆ ಮಾಡಿತು.

ಕೊನೆಯ ಕೆಲವು ಕಿಲೋಮೀಟರುಗಳಲ್ಲಿ ಪೈಲಟ್‌ಗಳು ಮಾಡುತ್ತಿದ್ದುದು ಗುರಿಯನ್ನು ನಕ್ಷತ್ರಗಳ ಹಿನ್ನೆಲೆಯಲ್ಲಿ ನೋಡುತ್ತಾ ಅದು ಸರಿದ ದಿಕ್ಕಿಗೆ ಸಣ್ಣದಾಗಿ ತಳ್ಳಿಕೊಂಡು ಕೋನವೇಗವನ್ನು ಸೊನ್ನೆಗೆ ತರುವ ಕೆಲಸ. ಬಜ್ ಆಲ್ಡ್ರಿನ್ 1963ರಲ್ಲಿ ಎಂಐಟಿಯಲ್ಲಿ ಡಾಕ್ಟರೇಟ್ ಮಾಡಿದ ವಿಷಯವೇ ದೃಷ್ಟಿರೇಖೆ ಹಿಡಿದು ಭೇಟಿಯಾಗುವ ವಿಧಾನ. 1966ರ ನವೆಂಬರ್‌ನಲ್ಲಿ ಜೆಮಿನಿ 12ರ ರೇಡಾರ್ ಕೈಕೊಟ್ಟಾಗ ಅವರು ಸೆಕ್ಸ್‌ಟಂಟ್ (ಕೋನ ಅಳೆಯುವ ಉಪಕರಣ) ಮತ್ತು ಮೊದಲೇ ತಯಾರಿಸಿದ ಕೋಷ್ಟಕಗಳನ್ನು ಹಿಡಿದು ಲೆಕ್ಕ ನಡೆಸಿದರು. ಆಗ ಫಿಲ್ಟರ್ ಮನುಷ್ಯನ ಕಣ್ಣಲ್ಲೂ ತಲೆಯಲ್ಲೂ ಇತ್ತು.

ಕೋನವೇಗ ಸೊನ್ನೆ ಮಾಡಿದರೆ ಸಾಕು ಅಂತ ಓದಿದ್ದೇನೆ. ಆದರೆ ಸಿಮ್ಯುಲೇಶನ್‌ನಲ್ಲಿ ನೌಕೆ ಪಕ್ಕಕ್ಕೆ ಜಾರುತ್ತಿದೆ. ಯಾಕೆ?

ಯಾವುದಕ್ಕೆ ಹೋಲಿಸಿ ಸೊನ್ನೆ ಎಂದು ಕೇಳಿಕೊಳ್ಳಿ. 475 ಕಿ.ಮೀ. ಎತ್ತರದಲ್ಲಿ ಒಂದು ಸುತ್ತಿಗೆ ಸುಮಾರು 94 ನಿಮಿಷ. ಭೂಮಿಯ ಕಡೆಗೆ ಒಂದು ಅಕ್ಷ ಇಟ್ಟುಕೊಂಡ ಸ್ಥಳೀಯ ಚೌಕಟ್ಟು ನಕ್ಷತ್ರಗಳಿಗೆ ಹೋಲಿಸಿದರೆ ಸೆಕೆಂಡಿಗೆ ಸುಮಾರು 1.11 ಮಿಲಿರೇಡಿಯನ್ ವೇಗದಲ್ಲಿ ತಿರುಗುತ್ತಲೇ ಇರುತ್ತದೆ. ಗುರಿಯ ಹಿಂದೆ, ಅದೇ ಕಕ್ಷೆಯಲ್ಲಿ 200 ಮೀಟರ್ ದೂರದಲ್ಲಿ ಸುಮ್ಮನೆ ನಿಂತಿದ್ದರೂ ನಕ್ಷತ್ರಗಳ ಲೆಕ್ಕದಲ್ಲಿ ನಿಮ್ಮ ದೃಷ್ಟಿರೇಖೆ ಆ 1.11ರ ವೇಗದಲ್ಲಿ ತಿರುಗುತ್ತಿರುತ್ತದೆ. ಅದನ್ನು ‘ದೋಷ’ವೆಂದು ಬಗೆದು ಥ್ರಸ್ಟರ್ ಸರಿಪಡಿಸಹೊರಟರೆ ಸೆಕೆಂಡಿಗೆ 22 ಸೆಂಟಿಮೀಟರ್ ಅಡ್ಡವೇಗವನ್ನು ನೀವೇ ಕೊಟ್ಟುಕೊಂಡಂತೆ.

ಕಿಲೋಮೀಟರುಗಳ ದೂರದಿಂದ ಬೇಗ ಹತ್ತಿರವಾಗುವ ಹಂತದಲ್ಲಿ ನಕ್ಷತ್ರಗಳಿಗೆ ಹೋಲಿಸಿದ ಕೋನವೇಗವನ್ನು ಸೊನ್ನೆ ಮಾಡುವುದು ಸರಿ. ತಂಗುವ ಬಿಂದುಗಳಲ್ಲಿ ನಿಲ್ಲುವಾಗ ಮತ್ತು ಜೋಡಣೆಯ ಅಕ್ಷದ ಮೇಲೆ ತೆವಳುವಾಗ ಸ್ಥಳೀಯ ಚೌಕಟ್ಟಿಗೆ ಹೋಲಿಸಿದ್ದನ್ನು ಸೊನ್ನೆ ಮಾಡಬೇಕು. ಒಂದರಿಂದ ಇನ್ನೊಂದಕ್ಕೆ ಬದಲಾಗುವ ದೂರವನ್ನು ವಿನ್ಯಾಸದ ಕಾಗದದಲ್ಲಿ ಸ್ಪಷ್ಟವಾಗಿ ಬರೆದಿಡಿ. ಫಿಲ್ಟರ್ ಬರೆದವರು ಒಂದು ಚೌಕಟ್ಟಿನಲ್ಲಿ, ನಿಯಂತ್ರಣ ಬರೆದವರು ಇನ್ನೊಂದರಲ್ಲಿ ಇರುವುದು ಎಲ್ಲ ತಂಡಗಳಲ್ಲೂ ಒಮ್ಮೆಯಾದರೂ ಆಗುವ ಎಡವಟ್ಟು.

## ಅಳತೆಯಿಂದ ಅಂದಾಜಿಗೆ

ಎರಡು ಕೋನ ಕಳೆದು ಸಮಯದಿಂದ ಭಾಗಿಸಿದರೆ ಮುಗೀತಲ್ಲ, ಫಿಲ್ಟರ್ ಯಾಕೆ ಬೇಕು?

ಕ್ಯಾಮೆರಾ 20 ಡಿಗ್ರಿ ಅಗಲವನ್ನು 1,024 ಪಿಕ್ಸೆಲ್‌ಗಳಲ್ಲಿ ನೋಡುತ್ತದೆ ಎನ್ನಿ. ಒಂದು ಪಿಕ್ಸೆಲ್ ಅಂದರೆ ಸುಮಾರು 0.34 ಮಿಲಿರೇಡಿಯನ್. ಬೆಳಕಿನ ಚುಕ್ಕೆಯ ಕೇಂದ್ರವನ್ನು ಪಿಕ್ಸೆಲ್‌ನ ಮೂರನೇ ಒಂದು ಭಾಗದಷ್ಟು ನಿಖರವಾಗಿ ಕಂಡುಹಿಡಿದರೆ ಅಳತೆಯ ಗದ್ದಲ 0.1 ಮಿಲಿರೇಡಿಯನ್ ಆಸುಪಾಸು. ಹತ್ತನೇ ಒಂದು ಸೆಕೆಂಡಿನ ಅಂತರದ ಎರಡು ಅಳತೆಗಳನ್ನು ಕಳೆದು ಭಾಗಿಸಿದರೆ ಕೋನವೇಗದ ಗದ್ದಲ ಸೆಕೆಂಡಿಗೆ 1.4 ಮಿಲಿರೇಡಿಯನ್ ಆಗುತ್ತದೆ. ನಿಮಗೆ ಬೇಕಾದ ಸಂಕೇತ 0.1. ಬೇಕಾದ್ದಕ್ಕಿಂತ ಗದ್ದಲವೇ 14 ಪಟ್ಟು ದೊಡ್ಡದು. ಇದನ್ನು ನೇರವಾಗಿ ಥ್ರಸ್ಟರಿಗೆ ಕೊಟ್ಟರೆ ಕವಾಟಗಳು ಟಪಟಪ ಬಡಿದುಕೊಂಡು ಇಂಧನ ಮುಗಿಯುತ್ತದೆ.

ಹತ್ತು ಸೆಕೆಂಡಿನ ಅಳತೆಗಳಿಗೆ ಸರಳರೇಖೆ ಹೊಂದಿಸಿದರೆ?

ಒಳ್ಳೆಯ ಮೊದಲ ಹೆಜ್ಜೆ. ಮೇಲಿನ ಕ್ಯಾಮೆರಾದ 100 ಅಳತೆಗಳಿಗೆ ಕನಿಷ್ಠ ವರ್ಗ ವಿಧಾನದಲ್ಲಿ ರೇಖೆ ಎಳೆದರೆ ಇಳಿಜಾರಿನ ಗದ್ದಲ ಸೆಕೆಂಡಿಗೆ ಸುಮಾರು 0.0035 ಮಿಲಿರೇಡಿಯನ್‌ಗೆ ಇಳಿಯುತ್ತದೆ. ಬರೀ ಮೊದಲ ಮತ್ತು ಕೊನೆಯ ಅಳತೆ ಬಳಸಿದರೆ ಸಿಗುವುದಕ್ಕಿಂತ ಇದು ನಾಲ್ಕು ಪಟ್ಟು ಚೆನ್ನ. ಬೆಲೆ ವಿಳಂಬದ ರೂಪದಲ್ಲಿ ಬರುತ್ತದೆ: ಸಿಗುವ ಉತ್ತರ ಐದು ಸೆಕೆಂಡು ಹಿಂದಿನದು. ನೌಕೆ ತೇಲಿಕೊಂಡು ಹೋಗುತ್ತಿದ್ದರೆ ಪರವಾಗಿಲ್ಲ. ನಡುವೆ ಥ್ರಸ್ಟರ್ ಉರಿದರೆ ರೇಖೆ ಮುರಿಯುತ್ತದೆ, ಹೊಂದಿಸಿದ ಇಳಿಜಾರು ಎರಡರ ನಡುವಿನ ಸರಾಸರಿ ಸುಳ್ಳಾಗುತ್ತದೆ. ನೆಲದ ಮೇಲೆ ದತ್ತಾಂಶ ಪರಿಶೀಲಿಸಲು ಈ ವಿಧಾನ ಇಟ್ಟುಕೊಳ್ಳಿ, ಹಾರಾಟದಲ್ಲಿ ಬೇಡ.

ಆಲ್ಫಾ-ಬೀಟಾ ಫಿಲ್ಟರನ್ನು ಹಂತಹಂತವಾಗಿ ಹೇಳಿ. ಗೇನ್ ಎಷ್ಟು ಇಡಬೇಕು?

ನೆನಪಿಡಬೇಕಾದದ್ದು ಎರಡೇ ಸಂಖ್ಯೆ: ಕೋನದ ಅಂದಾಜು, ಕೋನವೇಗದ ಅಂದಾಜು. ಪ್ರತಿ ಹೊಸ ಅಳತೆ ಬಂದಾಗ:

1. ಮುನ್ನೋಟ = ಹಳೆಯ ಕೋನ + ಹಳೆಯ ಕೋನವೇಗ × ಕಳೆದ ಸಮಯ.
2. ಉಳಿಕೆ = ಅಳತೆ − ಮುನ್ನೋಟ.
3. ಹೊಸ ಕೋನ = ಮುನ್ನೋಟ + ಆಲ್ಫಾ × ಉಳಿಕೆ.
4. ಹೊಸ ಕೋನವೇಗ = ಹಳೆಯ ಕೋನವೇಗ + (ಬೀಟಾ ÷ ಕಳೆದ ಸಮಯ) × ಉಳಿಕೆ.

ಆಲ್ಫಾ, ಬೀಟಾಗಳೇ ಗೇನ್, ಅಂದರೆ ಉಳಿಕೆಯ ಎಷ್ಟು ಪಾಲನ್ನು ಅಂದಾಜಿಗೆ ಸೇರಿಸಬೇಕು ಎಂದು ಹೇಳುವ ಸಂಖ್ಯೆಗಳು. ಅವನ್ನು ಬೇರೆ ಬೇರೆ ತಿರುಚುತ್ತಾ ಕೂರಬೇಡಿ. ಥೀಟಾ ಎಂಬ ಒಂದೇ ಗುಂಡಿ ಇಟ್ಟುಕೊಳ್ಳಿ, 0 ಮತ್ತು 1ರ ನಡುವೆ. ಆಲ್ಫಾ = 1 − ಥೀಟಾ ವರ್ಗ; ಬೀಟಾ = (1 − ಥೀಟಾ)ದ ವರ್ಗ. ಹೀಗೆ ಮಾಡಿದರೆ ಫಿಲ್ಟರ್ ತೊನೆದಾಡುವುದಿಲ್ಲ. ಸೆಕೆಂಡಿಗೆ 10 ಅಳತೆ, 0.1 ಮಿಲಿರೇಡಿಯನ್ ಗದ್ದಲ ಇದ್ದಾಗ ಲೆಕ್ಕ ಹೀಗೆ ಬರುತ್ತದೆ:

- ಥೀಟಾ 0.80: ಆಲ್ಫಾ 0.36, ಬೀಟಾ 0.04. ಕೋನವೇಗದ ಗದ್ದಲ 0.052, ಹಿಂದುಳಿಕೆ 0.85 ಸೆಕೆಂಡ್.
- ಥೀಟಾ 0.90: ಆಲ್ಫಾ 0.19, ಬೀಟಾ 0.01. ಗದ್ದಲ 0.017, ಹಿಂದುಳಿಕೆ 1.85 ಸೆಕೆಂಡ್.
- ಥೀಟಾ 0.95: ಆಲ್ಫಾ 0.0975, ಬೀಟಾ 0.0025. ಗದ್ದಲ 0.006, ಹಿಂದುಳಿಕೆ 3.85 ಸೆಕೆಂಡ್.

ಗದ್ದಲ ಸೆಕೆಂಡಿಗೆ ಮಿಲಿರೇಡಿಯನ್‌ಗಳಲ್ಲಿದೆ. ಹಿಂದುಳಿಕೆ ಎಂದರೆ ಕೋನವೇಗ ಒಂದೇ ಸಮನೆ ಏರುತ್ತಿರುವಾಗ ಅಂದಾಜು ಎಷ್ಟು ಸೆಕೆಂಡು ಹಿಂದಿರುತ್ತದೆ ಎಂಬುದು. ಅದರ ಸೂತ್ರ: ಅಳತೆಯ ಅಂತರ × (ಆಲ್ಫಾ ÷ ಬೀಟಾ − ಅರ್ಧ). ಜೋಡಣೆಯ ಕೆಲಸಕ್ಕೆ 0.9ರಿಂದ ಶುರುಮಾಡಿ. ನಿಯಂತ್ರಣ ಕುಣಿಕೆ 20 ಸೆಕೆಂಡಿಗೊಮ್ಮೆ ನಿರ್ಧಾರ ತೆಗೆದುಕೊಳ್ಳುವಂಥದ್ದಾದರೆ 0.95 ಕೂಡ ನಡೆಯುತ್ತದೆ.

ಶುರುವಿನಲ್ಲಿ ಫಿಲ್ಟರ್ ನೆಲೆಗೊಳ್ಳಲು ಬಹಳ ಹೊತ್ತು ತೆಗೆದುಕೊಳ್ಳುತ್ತೆ. ಏನು ಮಾಡಲಿ?

ಕೋನವನ್ನು ಸೊನ್ನೆಯಿಂದ ಆರಂಭಿಸಬೇಡಿ, ಮೊದಲ ಅಳತೆಯನ್ನೇ ಹಾಕಿ. ನಂತರ ಎಂಟು ಹತ್ತು ಅಳತೆಗಳವರೆಗೆ ಥೀಟಾ 0.5ರಿಂದ ಮೇಲಕ್ಕೆ ಏರುತ್ತಾ ಹೋಗಲಿ. ಆ ಹೊತ್ತಿನಲ್ಲಿ ‘ಅಂದಾಜು ಇನ್ನೂ ನೆಚ್ಚುವಂತಿಲ್ಲ’ ಎಂಬ ಒಂದು ಬಿಟ್ ಎತ್ತಿ ಹಿಡಿದು, ಥ್ರಸ್ಟರ್ ಕಡೆಯವರು ಅದನ್ನು ನೋಡುವಂತೆ ಮಾಡಿ.

ನಮ್ಮ ಕ್ಯಾಮೆರಾ ನೌಕೆಯ ಮೈಗೇ ಬಿಗಿದಿದೆ, ಗಿಂಬಲ್ (ಕ್ಯಾಮೆರಾವನ್ನು ಬೇರೆಯಾಗಿ ತಿರುಗಿಸುವ ಚೌಕಟ್ಟು) ಇಲ್ಲ. ನೌಕೆ ಅಲುಗಾಡಿದರೆ ಗುರಿ ಅಲುಗಾಡಿದಂತೆ ಕಾಣುತ್ತೆ. ಬೇರ್ಪಡಿಸೋದು ಹೇಗೆ?

ಇಡೀ ವಿಷಯದ ಕಷ್ಟ ಇರುವುದು ಇಲ್ಲಿ. ಫಿಲ್ಟರಿನ ಗಣಿತ ಒಂದು ಮಧ್ಯಾಹ್ನದ ಕೆಲಸ. ಮೈಯ ಚಲನೆಯನ್ನು ಶುದ್ಧವಾಗಿ ಕಳೆಯುವುದಕ್ಕೆ ತಿಂಗಳುಗಳೇ ಹೋಗುತ್ತವೆ. ತತ್ವ ಹೀಗಿದೆ: ದೃಷ್ಟಿರೇಖೆಯ ಕೋನ = ಜೈರೋ ಮತ್ತು ನಕ್ಷತ್ರ ಸೆನ್ಸರ್ ಹೇಳುವ ನೌಕೆಯ ಭಂಗಿ (ಅದು ಯಾವ ಕಡೆ ಮುಖಮಾಡಿದೆ ಎಂಬುದು) + ಕ್ಯಾಮೆರಾದಲ್ಲಿ ಕಾಣುವ ಕೋನ. ಮೊದಲು ಕೂಡಿ, ಆಮೇಲೆ ಫಿಲ್ಟರ್ ಮಾಡಿ. ಕ್ಯಾಮೆರಾ ಕೋನವನ್ನು ಮೊದಲೇ ಫಿಲ್ಟರ್ ಮಾಡಿ ಅದಕ್ಕೆ ಕಚ್ಚಾ ಜೈರೋ ಕೂಡಿದರೆ ಒಂದಕ್ಕೆ ವಿಳಂಬ ಇರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ. ಆಗ ನೌಕೆಯ ಪ್ರತಿ ಅಲುಗಾಟವೂ ಸುಳ್ಳು ಕೋನವೇಗವಾಗಿ ಹೊರಬರುತ್ತದೆ.

ಸಮಯದ ಹೊಂದಾಣಿಕೆ ಎಷ್ಟು ಬಿಗಿಯಾಗಿರಬೇಕು? ಕ್ಯಾಮೆರಾ ಬೆಳಕು ಹಿಡಿಯಲು 20 ಮಿಲಿಸೆಕೆಂಡ್, ಚಿತ್ರ ಸಂಸ್ಕರಿಸಲು 80 ಮಿಲಿಸೆಕೆಂಡ್ ತೆಗೆದುಕೊಂಡಿತು ಎನ್ನಿ. ನೌಕೆ ಸೆಕೆಂಡಿಗೆ ಅರ್ಧ ಡಿಗ್ರಿ ತಿರುಗುತ್ತಿದ್ದು, ನೀವು ಆ 100 ಮಿಲಿಸೆಕೆಂಡ್ ಹಳೆಯ ಚಿತ್ರಕ್ಕೆ ಈಗಿನ ಭಂಗಿಯನ್ನು ಕೂಡಿದರೆ 0.87 ಮಿಲಿರೇಡಿಯನ್ ತಪ್ಪು ಬರುತ್ತದೆ. ಅಳತೆಯ ಗದ್ದಲಕ್ಕಿಂತ ಸುಮಾರು ಒಂಬತ್ತು ಪಟ್ಟು. ಒಂದೇ ವೇಗದಲ್ಲಿ ತಿರುಗುತ್ತಿರುವವರೆಗೆ ಅದು ಸ್ಥಿರ ತಪ್ಪಾಗಿ ಅಡಗಿ ಕೂತಿರುತ್ತದೆ; ತಿರುಗುವುದು ನಿಂತ ಕೂಡಲೇ ಕೋನ ಜಿಗಿದು, ಫಿಲ್ಟರ್ ಅದನ್ನು ಗುರಿ ಓಡಿದಂತೆ ಓದುತ್ತದೆ. ಥ್ರಸ್ಟರ್ ಉರಿಯುತ್ತದೆ, ನೌಕೆ ಮತ್ತೆ ಅಲುಗುತ್ತದೆ, ಮತ್ತೆ ಸುಳ್ಳು ವೇಗ. ಕುಣಿಕೆ ತನ್ನನ್ನೇ ತಾನು ಬೆನ್ನಟ್ಟಲು ಶುರುಮಾಡುತ್ತದೆ.

ಪರಿಹಾರ: ಚಿತ್ರಕ್ಕೆ ಟೈಮ್‌ಸ್ಟಾಂಪ್ ಹಾಕುವುದು ಬೆಳಕು ಹಿಡಿದ ಅವಧಿಯ ನಡುಬಿಂದುವಿನಲ್ಲಿ, ಸಂಸ್ಕರಣೆ ಮುಗಿದ ಕ್ಷಣದಲ್ಲಲ್ಲ. ಜೈರೋ ಭಂಗಿಯನ್ನು ಸೆಕೆಂಡಿಗೆ 100 ಸಲ ಒಂದು ವೃತ್ತಾಕಾರದ ಬಫರಿನಲ್ಲಿ ಇಡಿ, ಕನಿಷ್ಠ ಒಂದು ಸೆಕೆಂಡಿನಷ್ಟು ಹಿಂದಿನದು ಸಿಗುವಂತಿರಲಿ. ಚಿತ್ರ ಬಂದಾಗ ಅದರ ಟೈಮ್‌ಸ್ಟಾಂಪಿಗೆ ಎರಡು ಪಕ್ಕದ ಭಂಗಿಗಳ ನಡುವೆ ಇಂಟರ್‌ಪೊಲೇಟ್ ಮಾಡಿ, ಅಂದರೆ ನಡುವಿನ ಬೆಲೆ ಲೆಕ್ಕಹಾಕಿ, ಕೂಡಿ.

ಅಗ್ಗದ ಜೈರೋ ಸಾಕೇ?

ಜೈರೋದ ಸ್ಥಿರ ತಪ್ಪು ನೇರವಾಗಿ ಕೋನವೇಗದ ತಪ್ಪಾಗುತ್ತದೆ, ಯಾವ ಫಿಲ್ಟರೂ ಅದನ್ನು ತೊಳೆಯುವುದಿಲ್ಲ. ಗಂಟೆಗೆ 10 ಡಿಗ್ರಿ ತಪ್ಪು ಎಂದರೆ ಸೆಕೆಂಡಿಗೆ 0.048 ಮಿಲಿರೇಡಿಯನ್; 100 ಮೀಟರ್ ದೂರದಲ್ಲಿ ಅದು ಸೆಕೆಂಡಿಗೆ 4.8 ಮಿಲಿಮೀಟರ್ ಸುಳ್ಳು ಅಡ್ಡವೇಗ. ಸಮೀಪಿಸುವ ವೇಗವೇ ಸೆಕೆಂಡಿಗೆ 10 ಮಿಲಿಮೀಟರ್ ಇರುವ ಕೆಲಸದಲ್ಲಿ ಅದು ಅರ್ಧದಷ್ಟಾಯಿತು. ನಕ್ಷತ್ರ ಸೆನ್ಸರಿನ ನೆರವಿನಿಂದ ಆ ತಪ್ಪನ್ನು ನಿರಂತರ ಅಂದಾಜಿಸಿ ಕಳೆಯುತ್ತಿದ್ದರೆ ಅಗ್ಗದ್ದೂ ನಡೆಯುತ್ತದೆ. ಬರೀ ಜೈರೋ ನೆಚ್ಚಿಕೊಂಡರೆ ಇಲ್ಲ.

## ಮುಂದಿನ ಮಟ್ಟ

ಆಲ್ಫಾ-ಬೀಟಾ ಬಿಟ್ಟು ಕಾಲ್ಮನ್ ಫಿಲ್ಟರಿಗೆ ಯಾವಾಗ ಹೋಗಬೇಕು?

ಆಲ್ಫಾ-ಬೀಟಾ ‘ಕೋನವೇಗ ಬದಲಾಗದು’ ಎಂದು ನಂಬಿಕೊಂಡಿದೆ. ಹತ್ತಿರ ಹೋಗುತ್ತಿದ್ದಂತೆ ಅದು ಸುಳ್ಳು. ಸಾಪೇಕ್ಷ ವೇಗ ಹಾಗೇ ಇದ್ದರೂ ದೂರ ಅರ್ಧವಾದಾಗ ಕೋನವೇಗ ದುಪ್ಪಟ್ಟು ಮೀರುತ್ತದೆ, ಯಾಕೆಂದರೆ ಗೆರೆ ತಿರುಗಿದಷ್ಟೂ ಸಮೀಪಿಸುವ ವೇಗದ ಒಂದು ಪಾಲು ಅಡ್ಡವೇಗವಾಗಿ ಬದಲಾಗುತ್ತದೆ. ಥ್ರಸ್ಟರ್ ಯಾವಾಗ ಉರಿಯಿತು ಎಂಬ ಸುದ್ದಿಯೂ ಆ ಫಿಲ್ಟರಿಗೆ ಇಲ್ಲ.

ಹಾಗಾಗಿ ಚಲನೆಯ ಮಾದರಿಯನ್ನೂ ಅನಿಶ್ಚಿತತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಕಾಲ್ಮನ್ ಫಿಲ್ಟರಿನಲ್ಲಿ ಕೋನ, ಕೋನವೇಗಗಳನ್ನೇ ಸ್ಥಿತಿಯಾಗಿ ಇಡದೆ ಸಾಪೇಕ್ಷ ಸ್ಥಾನದ ಮೂರು, ಸಾಪೇಕ್ಷ ವೇಗದ ಮೂರು ಸಂಖ್ಯೆಗಳನ್ನು ಸ್ಥಳೀಯ ಚೌಕಟ್ಟಿನಲ್ಲಿ ಇಡಿ. ಮುನ್ನೋಟಕ್ಕೆ 1960ರ ಕ್ಲೋಹೆಸಿ–ವಿಲ್ಟ್‌ಶೈರ್ ಸಮೀಕರಣಗಳು (ಗುರಿಗೆ ಹೋಲಿಸಿ ನೌಕೆ ಹೇಗೆ ಚಲಿಸುತ್ತದೆ ಎಂದು ಹೇಳುವವು) ಸಿದ್ಧವಾಗಿವೆ. ವೃತ್ತಾಕಾರದ ಕಕ್ಷೆ ಮತ್ತು ಕೆಲವು ಕಿಲೋಮೀಟರ್ ಅಂತರಕ್ಕೆ ಅವು ಧಾರಾಳ ಸಾಕು. ಮೇಲೆ ಹೇಳಿದ 1.11ರ ತಿರುಗುವಿಕೆ ಅವುಗಳೊಳಗೇ ಇದೆ. ಕೋನವೇಗ ಬೇಕಾದಾಗ ಸ್ಥಾನ ಮತ್ತು ವೇಗದ ಸದಿಶ ಗುಣಲಬ್ಧವನ್ನು ದೂರದ ವರ್ಗದಿಂದ ಭಾಗಿಸಿ ಪಡೆಯಿರಿ. ಹೀಗೆ ಸಿಗುವುದು ಸ್ಥಳೀಯ ಚೌಕಟ್ಟಿನ ಕೋನವೇಗ. ನಕ್ಷತ್ರಗಳ ಲೆಕ್ಕದ್ದು ಬೇಕಿದ್ದರೆ ವೇಗವನ್ನು ಮೊದಲು ಆ ಚೌಕಟ್ಟಿಗೆ ಪರಿವರ್ತಿಸಿ.

ಥ್ರಸ್ಟರ್ ಉರಿದಾಗಲೆಲ್ಲ ಅಂದಾಜು ದಾರಿ ತಪ್ಪಿ, ಆಮೇಲೆ ಸರಿಹೋಗುತ್ತೆ. ತಡೆಯೋದು ಹೇಗೆ?

ಫಿಲ್ಟರಿಗೆ ಮೊದಲೇ ತಿಳಿಸಿ. 220 ಕೆ.ಜಿ.ಯ ನೌಕೆಗೆ 1 ನ್ಯೂಟನ್ ಥ್ರಸ್ಟರ್ ಒಂದು ಸೆಕೆಂಡು ಉರಿದರೆ ಸೆಕೆಂಡಿಗೆ 4.5 ಮಿಲಿಮೀಟರ್ ವೇಗ ಕೂಡಿಸುತ್ತದೆ. ಹತ್ತನೇ ಒಂದು ಸೆಕೆಂಡಿನ ಮಿಣುಕಿಗೆ 0.45. ಕವಾಟ ತೆರೆದ ಆದೇಶದಿಂದ ಈ ಲೆಕ್ಕ ಮಾಡಿ ಮುನ್ನೋಟದ ಹಂತದಲ್ಲಿ ವೇಗಕ್ಕೆ ಕೂಡಿ. ಸಣ್ಣ ಮಿಣುಕುಗಳಲ್ಲಿ ಆದೇಶಿಸಿದ್ದಕ್ಕೂ ನಿಜವಾಗಿ ಸಿಕ್ಕ ತಳ್ಳಾಟಕ್ಕೂ ವ್ಯತ್ಯಾಸ ಇರುವುದರಿಂದ, ಕೂಡಿದ ವೇಗದ ಹತ್ತು ಶೇಕಡಾದಷ್ಟು ಅನಿಶ್ಚಿತತೆಯನ್ನು ಆ ಹಂತದಲ್ಲಿ ಮಾತ್ರ ಸಹವ್ಯತ್ಯಾಸಕ್ಕೆ (ಫಿಲ್ಟರ್ ತನ್ನ ಅನಿಶ್ಚಿತತೆಯ ಲೆಕ್ಕ ಇಡುವ ಕೋಷ್ಟಕಕ್ಕೆ) ಸೇರಿಸಿ. ಇದನ್ನು ಬಿಟ್ಟು ಪ್ರಕ್ರಿಯೆಯ ಗದ್ದಲವನ್ನೇ (ಚಲನೆಯ ಮಾದರಿಯಲ್ಲಿ ಇರಬಹುದಾದ ತಪ್ಪಿನ ಅಂದಾಜನ್ನು) ಸಾರಾಸಗಟಾಗಿ ಹೆಚ್ಚಿಸುವುದು ಸೋಮಾರಿ ದಾರಿ. ತೇಲುವ ಹೊತ್ತಿನಲ್ಲೂ ಅಂದಾಜು ಒರಟಾಗುತ್ತದೆ.

ಅಳತೆಯ ಗದ್ದಲ, ಪ್ರಕ್ರಿಯೆಯ ಗದ್ದಲಗಳ ಸಂಖ್ಯೆಗಳನ್ನು ಎಲ್ಲಿಂದ ತರುವುದು?

ಅಳತೆಯದ್ದನ್ನು ಊಹಿಸಬೇಡಿ, ಅಳೆಯಿರಿ. ನಿಂತ ಗುರಿಯನ್ನು ಹತ್ತು ನಿಮಿಷ ನೋಡಿ ಪ್ರಮಾಣಿತ ವಿಚಲನೆ ತೆಗೆಯಿರಿ. ಎರಡು ಮೂರು ದೂರ, ಎರಡು ಮೂರು ಬೆಳಕಿನ ಮಟ್ಟಗಳಲ್ಲಿ ಮಾಡಿ. ಪ್ರಕ್ರಿಯೆಯದ್ದು ಸ್ವಲ್ಪ ಕೈಗುಣ. ಸರಿ ಇದೆಯೇ ಎಂದು ತಿಳಿಯಲು ಉಳಿಕೆಗಳನ್ನು ನೋಡಿ: ಅವು ಸೊನ್ನೆಯ ಸುತ್ತ, ಒಂದಕ್ಕೊಂದು ಸಂಬಂಧವಿಲ್ಲದೆ ಚೆಲ್ಲಿರಬೇಕು. ಸತತವಾಗಿ ಒಂದೇ ಬದಿಗೆ ಬೀಳುತ್ತಿದ್ದರೆ ಪ್ರಕ್ರಿಯೆಯ ಗದ್ದಲ ತೀರ ಕಡಿಮೆ, ಇಲ್ಲವೇ ಚೌಕಟ್ಟು ಅಥವಾ ಟೈಮ್‌ಸ್ಟಾಂಪ್ ತಪ್ಪು. ಎರಡನೆಯದನ್ನೇ ಮೊದಲು ಅನುಮಾನಿಸಿ.

ದೂರ ಅಳೆಯುವ ಸೆನ್ಸರ್ ಇಲ್ಲ, ಬರೀ ಕ್ಯಾಮೆರಾ ಇದೆ. ಕಾಲ್ಮನ್ ಫಿಲ್ಟರ್ ದೂರವನ್ನೂ ಕಂಡುಹಿಡಿಯುತ್ತಾ?

ಸುಮ್ಮನೆ ತೇಲುತ್ತಿದ್ದರೆ ಇಲ್ಲ. ಆರಂಭದ ಸ್ಥಾನ, ವೇಗ ಎರಡನ್ನೂ ದುಪ್ಪಟ್ಟು ಮಾಡಿದರೆ ಕ್ಲೋಹೆಸಿ–ವಿಲ್ಟ್‌ಶೈರ್ ಪಥ ಅಷ್ಟೇ ದುಪ್ಪಟ್ಟಾಗುತ್ತದೆ, ಕ್ಯಾಮೆರಾಗೆ ಕಾಣುವ ಕೋನಗಳು ಮಾತ್ರ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಗೊತ್ತಿರುವ ಪ್ರಮಾಣದ ಥ್ರಸ್ಟರ್ ತಳ್ಳಾಟ ಒಂದನ್ನು, ಅದೂ ದೃಷ್ಟಿರೇಖೆಗೆ ಅಡ್ಡಲಾಗಿ ಕೊಟ್ಟರೆ ಆ ಸಮಬಲ ಮುರಿದು ದೂರ ಗೋಚರಿಸತೊಡಗುತ್ತದೆ. ಸ್ಪೇಡೆಕ್ಸ್‌ನಂಥ ಯೋಜನೆಗಳಲ್ಲಿ ಈ ಸರ್ಕಸ್ ಬೇಕಾಗಲಿಲ್ಲ: ಲೇಸರ್ ದೂರಮಾಪಕ, ಭೇಟಿಯ ಸೆನ್ಸರುಗಳು, ಸಮೀಪ ಜೋಡಣಾ ಸೆನ್ಸರ್, ಎರಡು ನೌಕೆಗಳ ನಡುವಿನ ರೇಡಿಯೊ ಕೊಂಡಿ, ಉಪಗ್ರಹ ಸಂಚರಣೆಯಿಂದ ಸಾಪೇಕ್ಷ ಕಕ್ಷೆ ಲೆಕ್ಕಹಾಕುವ ಪ್ರೊಸೆಸರ್ ಎಲ್ಲವೂ ಇದ್ದವು.

ಹತ್ತಿರ ಹೋದಷ್ಟೂ ಅಳತೆ ಚೆನ್ನಾಗಬೇಕಲ್ಲ? ನಮ್ಮದು ಕೆಡುತ್ತಿದೆ.

ದೂರದಲ್ಲಿ ಗುರಿ ಒಂದು ಚುಕ್ಕೆ. ಹತ್ತಿರದಲ್ಲಿ ಅದಕ್ಕೆ ಮೈಯಿದೆ. 1 ಮೀಟರ್ ಅಗಲದ ನೌಕೆ 50 ಮೀಟರಿನಲ್ಲಿ 20 ಮಿಲಿರೇಡಿಯನ್ ಜಾಗ ಹಿಡಿಯುತ್ತದೆ. ಬಿಸಿಲು ಒಂದು ಮುಖದಿಂದ ಇನ್ನೊಂದಕ್ಕೆ ಸರಿದು ಬೆಳಕಿನ ಕೇಂದ್ರ ಅಗಲದ ಹತ್ತನೇ ಒಂದರಷ್ಟು ಪಲ್ಲಟವಾದರೂ 2 ಮಿಲಿರೇಡಿಯನ್ ತಪ್ಪು. ಅಳತೆಯ ಗದ್ದಲದ ಇಪ್ಪತ್ತು ಪಟ್ಟು. ಮೇಲಾಗಿ ಅದು ನಿಧಾನವಾಗಿ ಸರಿಯುತ್ತದೆ, ಫಿಲ್ಟರ್ ಅದನ್ನು ನಿಜವಾದ ಚಲನೆಯೆಂದೇ ನಂಬುತ್ತದೆ. ಅದಕ್ಕೇ ಒಂದು ದೂರದ ನಂತರ ಬೆಳಕಿನ ಕೇಂದ್ರ ಹುಡುಕುವುದನ್ನು ನಿಲ್ಲಿಸಿ, ಗುರಿಯ ಮೇಲೆ ಗೊತ್ತಿರುವ ಜಾಗಗಳಲ್ಲಿ ಕೂರಿಸಿದ ಗುರುತುಗಳಿಗೆ ಬದಲಾಗಬೇಕು. ಬದಲಾಯಿಸುವ ಕ್ಷಣದಲ್ಲಿ ಅಳತೆ ಜಿಗಿಯುತ್ತದೆ. ಎರಡನ್ನೂ ಸ್ವಲ್ಪ ಹೊತ್ತು ಒಟ್ಟಿಗೆ ಓಡಿಸಿ ವ್ಯತ್ಯಾಸ ನೋಡಿಕೊಂಡು, ಒಪ್ಪುವಂತಿದ್ದರೆ ಮಾತ್ರ ಹಸ್ತಾಂತರಿಸಿ. ತಂಗುವ ಬಿಂದುಗಳ ಒಂದು ಉಪಯೋಗವೇ ಇದು.

ಅಳತೆ ನಡುವೆ ನಿಂತುಹೋದರೆ ಅಥವಾ ಅಸಂಬದ್ಧ ಅಳತೆ ಬಂದರೆ?

ನಿಂತರೆ ಮುನ್ನೋಟ ಮಾತ್ರ ನಡೆಸಿ. ಥೀಟಾ 0.9ರ ಫಿಲ್ಟರಿನಲ್ಲಿ 30 ಸೆಕೆಂಡು ಕುರುಡಾಗಿ ಹೋದರೆ ಕೋನದಲ್ಲಿ ಸುಮಾರು ಅರ್ಧ ಮಿಲಿರೇಡಿಯನ್ ಅನಿಶ್ಚಿತತೆ ಬೆಳೆಯುತ್ತದೆ, ಸಹಿಸಬಹುದು. ಆದರೆ ಥ್ರಸ್ಟರ್ ಲೆಕ್ಕ ತಪ್ಪಿದ್ದರೆ ಕುರುಡು ಅವಧಿ ಎಲ್ಲವನ್ನೂ ದೊಡ್ಡದು ಮಾಡಿ ತೋರಿಸುತ್ತದೆ. 2025ರ ಜನವರಿ 8ರಂದು ಸ್ಪೇಡೆಕ್ಸ್ ನೌಕೆಗಳು 225 ಮೀಟರ್ ಅಂತರಕ್ಕೆ ಬರಲು ಚಲಿಸುತ್ತಿದ್ದಾಗ, ನೆಲದ ಸಂಪರ್ಕವಿಲ್ಲದ ಅವಧಿಯ ನಂತರ ನೋಡಿದರೆ ನೌಕೆಗಳ ಜಾರುವಿಕೆ ನಿರೀಕ್ಷೆಗಿಂತ ಹೆಚ್ಚಿತ್ತು. ಇಸ್ರೋ ಮರುದಿನದ ಜೋಡಣೆಯನ್ನು ಮುಂದೂಡಿತು. 12ರಂದು 15 ಮೀಟರಿಗೆ, ಆಮೇಲೆ 3 ಮೀಟರಿಗೆ ಹೋಗಿ ನೋಡಿ ನೌಕೆಗಳನ್ನು ಹಿಂದಕ್ಕೆ ಸರಿಸಿದರು. ಜೋಡಣೆ 16ರಂದು ಆಯಿತು. ನಿಲ್ಲುವುದಕ್ಕೂ ಹಿಂದೆ ಸರಿಯುವುದಕ್ಕೂ ಮೊದಲೇ ಜಾಗ ಇಟ್ಟುಕೊಂಡಿದ್ದರಿಂದ ಅದು ಸಾಧ್ಯವಾಯಿತು.

ಅಸಂಬದ್ಧ ಅಳತೆಗೆ ಬಾಗಿಲು ಇಡಿ: ಎರಡು ಕೋನಗಳ ಉಳಿಕೆಯನ್ನು ಸಹವ್ಯತ್ಯಾಸದಿಂದ ತೂಗಿದ ವರ್ಗ 9.21 ಮೀರಿದರೆ ಆ ಅಳತೆ ಬಿಟ್ಟುಬಿಡಿ. ನಿಜವಾದ ಅಳತೆ ಹೀಗೆ ತಿರಸ್ಕೃತವಾಗುವ ಸಂಭವ ನೂರಕ್ಕೆ ಒಂದು. ಸತತ ಐದು ಬಿಟ್ಟುಹೋದರೆ ಅಳತೆಯಲ್ಲ, ಫಿಲ್ಟರೇ ದಾರಿ ತಪ್ಪಿದೆ ಎಂದು ತಿಳಿದು ಹೊಸದಾಗಿ ಆರಂಭಿಸಿ.

ಪಿಸಿಯಲ್ಲಿ ಸರಿಯಾಗಿ ಓಡುತ್ತೆ, ಬೋರ್ಡಿಗೆ ಹಾಕಿದ ಮಾರನೇ ದಿನ ಕೋನವೇಗ ಕುಣಿಯಲು ಶುರು. ಏನಿರಬಹುದು?

ಸಮಯವನ್ನು 32 ಬಿಟ್ ಫ್ಲೋಟ್‌ನಲ್ಲಿ ಸೆಕೆಂಡುಗಳಾಗಿ ಇಟ್ಟಿದ್ದೀರಾ ನೋಡಿ. 1,00,000 ಸೆಕೆಂಡು, ಅಂದರೆ ಸುಮಾರು 28 ಗಂಟೆ ಕಳೆದಾಗ ಆ ಸಂಖ್ಯೆಯ ಅತಿ ಸಣ್ಣ ಹೆಜ್ಜೆ 7.8 ಮಿಲಿಸೆಕೆಂಡ್. ಹತ್ತನೇ ಒಂದು ಸೆಕೆಂಡಿನ ಅಂತರದಲ್ಲಿ ಅದು ಎಂಟು ಶೇಕಡಾದಷ್ಟು ತಪ್ಪು. ಮೇಜಿನ ಮೇಲೆ ಒಂದು ಗಂಟೆ ಪರೀಕ್ಷಿಸಿದರೆ ಇದು ಕಾಣುವುದೇ ಇಲ್ಲ. ಸಮಯವನ್ನು 64 ಬಿಟ್ ಪೂರ್ಣಾಂಕದಲ್ಲಿ ಮೈಕ್ರೋಸೆಕೆಂಡುಗಳಾಗಿ ಇಟ್ಟು, ವ್ಯತ್ಯಾಸ ತೆಗೆದ ಮೇಲೆ ಮಾತ್ರ ಫ್ಲೋಟ್ ಮಾಡಿ.

ಇನ್ನೆರಡು ಸಾಮಾನ್ಯ ಹುಳುಗಳು. ಅಳತೆಯ ಅಂತರ ಸದಾ 0.1 ಎಂದು ಕೋಡಿನಲ್ಲಿ ಬರೆದಿದ್ದರೆ, ಒಂದು ಚಿತ್ರ ತಪ್ಪಿದಾಗ ಕೋನ ಎರಡು ಹೆಜ್ಜೆ ಸರಿದಿರುತ್ತದೆ, ಮುನ್ನೋಟ ಒಂದೇ ಹೆಜ್ಜೆ ಹೋಗಿರುತ್ತದೆ. ಮತ್ತೆ, ಕೋನ +180ರಿಂದ −180 ಡಿಗ್ರಿಗೆ ಜಿಗಿಯುವ ಕಡೆ ಉಳಿಕೆ 360 ಡಿಗ್ರಿ ಆಗಿ ಅಂದಾಜು ಹಾರಿಹೋಗುತ್ತದೆ. ಉಳಿಕೆಯನ್ನು ಸದಾ −180 ಮತ್ತು +180ರ ನಡುವೆ ಮಡಚಿ, ಅಥವಾ ಕೋನ ಬಿಟ್ಟು ಏಕಮಾನ ಸದಿಶವನ್ನೇ ಬಳಸಿ.

ನೆಲದ ಮೇಲೆ ಕಡಿಮೆ ಖರ್ಚಿನಲ್ಲಿ ಇಡೀ ಸರಪಳಿಯನ್ನು ಪರೀಕ್ಷಿಸೋದು ಹೇಗೆ?

ಭೂಮಿಯೇ ಒಂದು ತಿರುಗುಮೇಜು: ಗಂಟೆಗೆ 15.04 ಡಿಗ್ರಿ, ಅಂದರೆ ಸೆಕೆಂಡಿಗೆ 0.073 ಮಿಲಿರೇಡಿಯನ್. ಕ್ಯಾಮೆರಾ ಮತ್ತು ಜೈರೋ ಎರಡನ್ನೂ ಒಂದೇ ಲೋಹದ ಫಲಕಕ್ಕೆ ಬಿಗಿದು, ಅಲುಗದ ಕಾಂಕ್ರೀಟ್ ಕಂಬದ ಮೇಲಿಟ್ಟು, ಖಗೋಳ ಸಮಭಾಜಕದ ಹತ್ತಿರದ ನಕ್ಷತ್ರವೊಂದನ್ನು ನೋಡಿ. ನಮ್ಮ ಕ್ಯಾಮೆರಾದಲ್ಲಿ ನಕ್ಷತ್ರ ಸುಮಾರು 4.7 ಸೆಕೆಂಡಿಗೆ ಒಂದು ಪಿಕ್ಸೆಲ್ ಸರಿಯುತ್ತದೆ. ಜೈರೋ ಭೂಮಿಯ ತಿರುಗುವಿಕೆಯನ್ನು ಹೇಳುತ್ತದೆ. ಎರಡನ್ನೂ ಕೂಡಿದರೆ ದೃಷ್ಟಿರೇಖೆಯ ಕೋನವೇಗ ಸೊನ್ನೆ ಬರಬೇಕು, ನಕ್ಷತ್ರ ಎಲ್ಲಿಗೂ ಹೋಗುತ್ತಿಲ್ಲವಲ್ಲ. ಬಾರದಿದ್ದರೆ ಚಿಹ್ನೆ, ಅಕ್ಷಗಳ ಜೋಡಣೆ ಅಥವಾ ಜೈರೋದ ಸ್ಥಿರ ತಪ್ಪು, ಈ ಮೂರರಲ್ಲಿ ಒಂದು. ಬೆಂಗಳೂರಿನಲ್ಲಿ ಮಾಡುವವರಿಗೆ ಹೋಲಿಸಲು ಸಂಖ್ಯೆಗಳು: ಅಕ್ಷಾಂಶ ಸುಮಾರು 13 ಡಿಗ್ರಿಯಾದ್ದರಿಂದ ಉತ್ತರಕ್ಕೆ ಮಲಗಿಸಿದ ಜೈರೋ ಅಕ್ಷ ಗಂಟೆಗೆ 14.65 ಡಿಗ್ರಿ, ನೆಟ್ಟಗೆ ನಿಲ್ಲಿಸಿದ್ದು 3.4 ಡಿಗ್ರಿ ತೋರಿಸಬೇಕು.

ಇದು ಗೆದ್ದ ಮೇಲೆ, ನಕ್ಷತ್ರ ಚಿತ್ರದಿಂದ ಹೊರಹೋಗದಂತೆ ಫಲಕವನ್ನು ಕೈಯಿಂದ ಒಂದೆರಡು ಡಿಗ್ರಿ ಅತ್ತಿತ್ತ ತೂಗಾಡಿಸಿ. ಆಗಲೂ ಫಿಲ್ಟರಿನ ಉತ್ತರ ಸೊನ್ನೆಯ ಹತ್ತಿರವೇ ನಿಂತರೆ ಟೈಮ್‌ಸ್ಟಾಂಪುಗಳು ಸರಿಯಾಗಿವೆ. ತೂಗಾಟದ ಲಯದಲ್ಲೇ ಉತ್ತರವೂ ತೂಗಿದರೆ ಕ್ಯಾಮೆರಾದ ಸಮಯಕ್ಕೆ 5 ಮಿಲಿಸೆಕೆಂಡ್ ಕೂಡಿಸಿ, ಕಳೆದು ನೋಡಿ. ಯಾವ ಬದಿಗೆ ಹೋದಾಗ ತೂಗಾಟ ಕಡಿಮೆಯಾಗುತ್ತದೋ ಆ ಬದಿಗೆ, ಅದು ಅತಿ ಕಡಿಮೆಯಾಗುವವರೆಗೆ ಸರಿಸುತ್ತಾ ಹೋಗಿ.